ಲಿಥಿಯಂ ವಿದ್ಯುತ್ಕೋಶಗಳ ನ್ಯಾನೊಸ್ಫಟಿಕ ಕ್ಯಾಥೋಡ್ ದ್ರವ್ಯಗಳು: ತಯಾರಿಕೆ ಹಾಗೂ ಪರೀಕ್ಷೆಗಳ ವಿಮರ್ಶೆ

ಲಿಥಿಯಂ ಅಯಾನು ಕೋಶದ ಧನಧ್ರುವಕ್ಕೆ ಬಳಸುವ ದ್ರವ್ಯವನ್ನು ವಾಡಿಕೆಯಲ್ಲಿ ಕ್ಯಾಥೋಡ್ ದ್ರವ್ಯವೆಂದು ಕರೆಯುತ್ತಾರೆ. ಈ ದ್ರವ್ಯವನ್ನು ನೂರು ನ್ಯಾನೊಮೀಟರಿಗಿಂತ ಕಡಮೆ ಅಳತೆಯ ಹರಳುಗಳಾಗಿ ತಯಾರಿಸುವುದು, ತಯಾರಿಸಿದ್ದನ್ನು ಪರೀಕ್ಷಿಸುವುದು, ಪರೀಕ್ಷೆಯ ಫಲವನ್ನು ಪ್ರಕಟಿಸುವುದು ಕಳೆದ ಕಾಲು ಶತಮಾನದಿಂದ ರಸಾಯನ ವಿಭಾಗಗಳಲ್ಲಿ ಬಹು ಪ್ರಚಲಿತವಾದ ಉದ್ಯೋಗವಾಗಿದೆ. ಇಂಥ ಪ್ರಬಂಧಗಳಲ್ಲಿ ಹೆಚ್ಚಿನವು ಒಂದೇ ಎರಕದಲ್ಲಿ ಹೊಯ್ದಂತಿರುತ್ತವೆ. ಮೊದಲು ಒಂದು ಹೊಸ ತಯಾರಿಕಾ ಕ್ರಮ. ಬಳಿಕ ಕ್ಷ-ಕಿರಣ ವಿವರ್ತನೆಯ ಒಂದು ನಕ್ಷೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದ ಕೆಲವು ಚಿತ್ರಗಳು. ಕಡೆಯಲ್ಲಿ ಧಾರಣಶಕ್ತಿಯ ಒಂದು ದೊಡ್ಡ ಅಂಕೆ. ಆ ಅಂಕೆಗೆ ಹರಳುಗಳ ಸಣ್ಣತನವೇ ಕಾರಣವೆಂಬ ತೀರ್ಮಾನದೊಂದಿಗೆ ಪ್ರಬಂಧ ಮುಗಿಯುತ್ತದೆ.

ಈ ತೀರ್ಮಾನ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶ. ಸಣ್ಣ ಹರಳುಗಳ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬ ನಮ್ಮ ಗಾದೆಗೆ ಲಿಥಿಯಂ ಕಬ್ಬಿಣ ಫಾಸ್ಫೇಟಿಗಿಂತ ಒಳ್ಳೆಯ ನಿದರ್ಶನ ಘನಸ್ಥಿತಿಯ ರಸಾಯನಶಾಸ್ತ್ರದಲ್ಲಿ ಸಿಕ್ಕುವುದು ಕಷ್ಟ. ಆದರೆ ಸಣ್ಣತನದ ಹೆಸರಿನಲ್ಲಿ ಜಮೆಯಾಗಿರುವ ಕೀರ್ತಿಯಲ್ಲಿ ಒಂದು ಪಾಲು ಇಂಗಾಲದ್ದು, ಒಂದು ಪಾಲು ಲೇಪದ ತೆಳುವಿನದು, ಇನ್ನೊಂದು ಪಾಲು ಪರೀಕ್ಷಾಕೋಶದಲ್ಲಿ ಧಾರಾಳವಾಗಿ ಇಟ್ಟ ಲಿಥಿಯಂ ಲೋಹದ್ದು ಎಂದು ನಾವು ಬಗೆಯುತ್ತೇವೆ. ಈ ಪಾಲುಗಳನ್ನು ಬೇರ್ಪಡಿಸದೆ ಕೊಟ್ಟ ಅಂಕೆಯನ್ನು ದ್ರವ್ಯದ ಗುಣವೆಂದು ಒಪ್ಪಲಾಗದು. ಒಬ್ಬ ಸಂಶೋಧನ ವಿದ್ಯಾರ್ಥಿಯ ಮೂರು ನಾಲ್ಕು ವರ್ಷಗಳ ದುಡಿಮೆ ಇಂಥ ಒಂದು ಅಂಕೆಯ ಮೇಲೆ ನಿಂತಿರುತ್ತದೆ. ಅದನ್ನು ನಂಬಿ ಇನ್ನೊಬ್ಬ ವಿದ್ಯಾರ್ಥಿ ತನ್ನ ಕೆಲಸವನ್ನು ಆರಂಭಿಸುತ್ತಾನೆ. ಆದುದರಿಂದ ಈ ವಿಚಾರಣೆ ಕೇವಲ ಲೆಕ್ಕಾಚಾರದ ಸೂಕ್ಷ್ಮಕ್ಕೆ ಸಂಬಂಧಪಟ್ಟದ್ದಲ್ಲ.

1. ಸಣ್ಣತನ ಏಕೆ ಬೇಕಾಯಿತು

ಕೋಶವನ್ನು ಬಳಸುವಾಗ ಲಿಥಿಯಂ ಅಯಾನುಗಳು ಕ್ಯಾಥೋಡ್ ದ್ರವ್ಯದ ಹರಳಿನೊಳಕ್ಕೆ ಸೇರುತ್ತವೆ. ವಿದ್ಯುತ್ತನ್ನು ತುಂಬುವಾಗ ಹೊರಬರುತ್ತವೆ. ಹರಳಿನೊಳಗೆ ಅವು ಚಲಿಸುವುದು ವಿಸರಣದಿಂದ. ವಿಸರಣಕ್ಕೆ ಬೇಕಾಗುವ ಕಾಲ ದಾರಿಯ ಉದ್ದದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಒಂದು ಮೈಕ್ರೊಮೀಟರಿನ ಹರಳನ್ನು 50 ನ್ಯಾನೊಮೀಟರಿಗೆ ಇಳಿಸಿದರೆ ದಾರಿ ಇಪ್ಪತ್ತರಲ್ಲಿ ಒಂದು ಪಾಲಾಗುತ್ತದೆ, ಕಾಲ ನಾನೂರರಲ್ಲಿ ಒಂದು ಪಾಲಾಗುತ್ತದೆ. ಇಡೀ ಕ್ಷೇತ್ರದ ಉತ್ಸಾಹಕ್ಕೆ ಮೂಲವಾದದ್ದು ಈ ಸರಳ ಗಣಿತವೇ.

1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಿಜುಶಿಮ, ಜೋನ್ಸ್, ವೈಸ್‌ಮನ್ ಮತ್ತು ಗುಡಿನಫ್ ಅವರು ವರದಿ ಮಾಡಿದ ಲಿಥಿಯಂ ಕೋಬಾಲ್ಟ್ ಆಕ್ಸೈಡಿಗೆ ಇಂಥ ಸಹಾಯ ಅಷ್ಟಾಗಿ ಬೇಕಾಗಿರಲಿಲ್ಲ. ಅದರಲ್ಲಿ ಅಯಾನುಗಳಿಗೆ ಪದರಗಳ ನಡುವೆ ವಿಶಾಲವಾದ ದಾರಿಯಿದೆ. ಎಲೆಕ್ಟ್ರಾನುಗಳಿಗೂ ಸಾಕಷ್ಟು ವಾಹಕತೆಯಿದೆ. ಹಲವು ಮೈಕ್ರೊಮೀಟರುಗಳ ಕಣಗಳಿಂದಲೇ ಸೋನಿ ಸಂಸ್ಥೆ 1991ರಲ್ಲಿ ಕೋಶಗಳನ್ನು ಮಾರುಕಟ್ಟೆಗೆ ತಂದಿತು. ಸಣ್ಣತನ ಅನಿವಾರ್ಯವಾದದ್ದು 1997ರಲ್ಲಿ ಪಾಢಿ, ನಂಜುಂಡಸ್ವಾಮಿ ಮತ್ತು ಗುಡಿನಫ್ ಅವರು ಲಿಥಿಯಂ ಕಬ್ಬಿಣ ಫಾಸ್ಫೇಟನ್ನು ಮುಂದಿಟ್ಟಾಗ. ಅಗ್ಗವಾದ ಕಬ್ಬಿಣ, ಬಿಸಿಗೆ ಜಗ್ಗದ ಫಾಸ್ಫೇಟ್ ಕಟ್ಟಡ, ಲಿಥಿಯಂ ಲೋಹದೆದುರು ಸುಮಾರು 3.4 ವೋಲ್ಟಿನ ಸ್ಥಿರ ವಿಭವ, ಗ್ರಾಮಿಗೆ 170 ಮಿಲಿಯಾಂಪಿಯರ್-ಗಂಟೆಯ ತಾತ್ತ್ವಿಕ ಧಾರಣಶಕ್ತಿ: ಇವೆಲ್ಲ ಇದ್ದವು. ಆದರೆ ಸೂತ್ರವೊಂದಕ್ಕೆ ಸುಮಾರು 0.6 ಪಾಲು ಲಿಥಿಯಂ ಮಾತ್ರ ಹೊರಬಂದಿತು, ಅದೂ ಬಹಳ ಮಂದವಾದ ಪ್ರವಾಹದಲ್ಲಿ. ಈ ದ್ರವ್ಯದ ಎಲೆಕ್ಟ್ರಾನು ವಾಹಕತೆ ಅತ್ಯಲ್ಪ. ಅಯಾನುಗಳಿಗಾದರೂ ಇರುವುದು ಒಂದೇ ದಿಕ್ಕಿನ ಓಣಿ. ಈ ಓಣಿಯ ಸ್ವರೂಪವನ್ನು ಮಾರ್ಗನ್, ವ್ಯಾನ್ ಡೆರ್ ವೆನ್ ಮತ್ತು ಸೀಡರ್ ಅವರು 2004ರಲ್ಲಿ ಗಣನೆಯಿಂದ ತೋರಿಸಿದರು. 2008ರಲ್ಲಿ ನಿಶಿಮುರ ಮತ್ತು ಸಂಗಡಿಗರು ನ್ಯೂಟ್ರಾನ್ ವಿವರ್ತನೆಯಿಂದ ಅದನ್ನು ಪ್ರಯೋಗತಃ ಕಂಡರು.

ಒಂದೇ ದಿಕ್ಕಿನ ಓಣಿಗೆ ಇನ್ನೊಂದು ತೊಡಕುಂಟು. ಓಣಿಯ ನಡುವೆ ಲಿಥಿಯಂ ಇರಬೇಕಾದ ಸ್ಥಾನದಲ್ಲಿ ಕಬ್ಬಿಣದ ಪರಮಾಣುವೊಂದು ಕುಳಿತರೆ ಆ ದಾರಿ ಅಲ್ಲಿಗೆ ಕಟ್ಟಿಹೋಗುತ್ತದೆ. ಓಣಿ ಉದ್ದವಾದಷ್ಟೂ ಇಂಥ ತಡೆ ಸಿಕ್ಕುವ ಸಂಭವ ಹೆಚ್ಚು. ಮಲಿಕ್, ಬರ್ಚ್, ಬಜಾಂಟ್ ಮತ್ತು ಸೀಡರ್ ಅವರು 2010ರಲ್ಲಿ ಈ ವಾದವನ್ನು ಗಣಿತಬದ್ಧವಾಗಿ ಮಂಡಿಸಿ, ಹರಳು ದೊಡ್ಡದಾದಂತೆ ವಿಸರಣಾಂಕವೇ ಇಳಿಯುತ್ತದೆಂದು ತೋರಿಸಿದರು. ಅಂದರೆ ಈ ದ್ರವ್ಯದ ಮಟ್ಟಿಗೆ ಸಣ್ಣತನದ ಲಾಭ ವರ್ಗಾನುಪಾತದ ಗಣಿತಕ್ಕಿಂತಲೂ ಹೆಚ್ಚಿನದು. ನ್ಯಾನೊ ಪಕ್ಷದ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿಯಾದ ಮಾತು ಇದು. ಇದನ್ನು ಮೊದಲೇ ಒಪ್ಪಿಕೊಂಡು ನಾವು ಮುಂದುವರಿಯುತ್ತೇವೆ.

2. ಸಣ್ಣತನವೋ, ಇಂಗಾಲವೋ

1999ರಲ್ಲಿ ರಾವೆ, ಆರ್ಮ್ಯಾಂಡ್ ಮತ್ತು ಸಂಗಡಿಗರು ಈ ಫಾಸ್ಫೇಟಿನ ಕಣಗಳಿಗೆ ಇಂಗಾಲದ ತೆಳುವಾದ ಹೊದಿಕೆ ಕೊಟ್ಟು ಧಾರಣಶಕ್ತಿಯನ್ನು ತಾತ್ತ್ವಿಕ ಮಿತಿಯ ಸಮೀಪಕ್ಕೆ ಒಯ್ದರು. 2001ರಲ್ಲಿ ಯಮಾದ, ಚುಂಗ್ ಮತ್ತು ಹಿನೊಕುಮ ಅವರು ಕಾಯಿಸುವ ಉಷ್ಣತೆಯನ್ನು 500ರಿಂದ 600 ಡಿಗ್ರಿ ಸೆಲ್ಸಿಯಸ್ಸಿನೊಳಗೆ ಹಿಡಿದಿಟ್ಟು, ಕಣಗಳು ಬೆಳೆಯದಂತೆ ತಡೆದು, ಗ್ರಾಮಿಗೆ ಸುಮಾರು 160 ಮಿಲಿಯಾಂಪಿಯರ್-ಗಂಟೆಯನ್ನು ಪಡೆದರು. ಹೀಗೆ ಒಂದೇ ಫಲಕ್ಕೆ ಎರಡು ಹಾದಿಗಳು ಏಕಕಾಲದಲ್ಲಿ ತೆರೆದುವು. ಮುಂದಿನ ಪ್ರಬಂಧಗಳು ಎರಡನ್ನೂ ಒಟ್ಟಿಗೆ ಹಿಡಿದುವು. ಸಕ್ಕರೆ, ಸಿಟ್ರಿಕ್ ಆಮ್ಲ ಮುಂತಾದ ಸಾವಯವ ಪದಾರ್ಥವನ್ನು ಬೆರೆಸಿ ಕಾಯಿಸಿದರೆ ಅದು ಕರಿದು ಇಂಗಾಲವಾಗುತ್ತದೆ; ಆ ಇಂಗಾಲವೇ ಹರಳುಗಳ ನಡುವೆ ನಿಂತು ಅವು ಒಂದಕ್ಕೊಂದು ಬೆಸೆದು ಬೆಳೆಯದಂತೆ ತಡೆಯುತ್ತದೆ. ಹೊದಿಕೆಯೂ ಸಣ್ಣತನವೂ ಒಂದೇ ಒಲೆಯಲ್ಲಿ ಒಟ್ಟಿಗೆ ಹುಟ್ಟುತ್ತವೆ. ಹಾಗೆ ಹುಟ್ಟಿದ ಪುಡಿಯನ್ನು ಹೊದಿಕೆಯಿಲ್ಲದ, ದೊಡ್ಡ ಹರಳಿನ ಪುಡಿಯೊಡನೆ ಹೋಲಿಸಿ, ವ್ಯತ್ಯಾಸವನ್ನೆಲ್ಲ ಸಣ್ಣತನದ ಲೆಕ್ಕಕ್ಕೆ ಬರೆಯುವುದು ತರ್ಕದೋಷ. ಎರಡು ಕಾರಣಗಳನ್ನು ಒಮ್ಮೆಗೇ ಬದಲಾಯಿಸಿ ಫಲವನ್ನು ಒಂದಕ್ಕೆ ಮಾತ್ರ ಆರೋಪಿಸಬಾರದೆಂಬುದು ಪ್ರಯೋಗಶಾಸ್ತ್ರದ ಮೊದಲನೆಯ ಪಾಠ.

ಸಣ್ಣತನ ಹೆಚ್ಚೋ ಇಂಗಾಲದ ಹೊದಿಕೆ ಹೆಚ್ಚೋ ಎಂಬ ಪ್ರಶ್ನೆಯನ್ನೇ 2007ರಲ್ಲಿ ಗಬೆರ್ಶ್ಚೆಕ್, ಡೊಮಿಂಕೊ ಮತ್ತು ಯಾಮ್ನಿಕ್ ಅವರು ನೇರವಾಗಿ ಎತ್ತಿಕೊಂಡರು. ಹಲವರ ಫಲಿತಾಂಶಗಳನ್ನು ಒಂದೆಡೆ ಜೋಡಿಸಿ ನೋಡಿ, ವಿದ್ಯುದ್ವಾರದ ತಡೆಯನ್ನು ಮುಖ್ಯವಾಗಿ ನಿರ್ಣಯಿಸುವುದು ಕಣದ ಗಾತ್ರವೇ ಎಂಬ ಕಡೆಗೆ ಅವರು ವಾಲಿದರು. ಅವರ ನಿರ್ಣಯ ನ್ಯಾನೊ ಪಕ್ಷಕ್ಕೇ ಅನುಕೂಲವಾದದ್ದು. ಆದರೂ ನಾವು ಆ ಪ್ರಬಂಧವನ್ನು ಮೆಚ್ಚುವುದು ನಿರ್ಣಯಕ್ಕಾಗಿಯಲ್ಲ; ಎರಡು ಕಾರಣಗಳನ್ನು ಬೇರೆ ಬೇರೆಯಾಗಿ ತೂಗಿದ ಕ್ರಮಕ್ಕಾಗಿ.

ಕಾರಣವನ್ನು ಗುರುತಿಸುವಲ್ಲಿ ಎಷ್ಟು ಜಾಗರೂಕತೆ ಬೇಕೆಂಬುದಕ್ಕೆ ಇನ್ನೊಂದು ಪ್ರಸಂಗವನ್ನು ಹೇಳಬಹುದು. 2002ರಲ್ಲಿ ಚುಂಗ್, ಬ್ಲೋಕಿಂಗ್ ಮತ್ತು ಚಿಯಾಂಗ್ ಅವರು ಇದೇ ಫಾಸ್ಫೇಟಿಗೆ ನಿಯೋಬಿಯಂ, ಜಿರ್ಕೋನಿಯಂ ಮೊದಲಾದ ಲೋಹಗಳನ್ನು ಅಲ್ಪಪ್ರಮಾಣದಲ್ಲಿ ಬೆರೆಸಿ ವಾಹಕತೆಯನ್ನು ಹತ್ತುಕೋಟಿ ಪಟ್ಟು ಏರಿಸಿದುದಾಗಿ ಪ್ರಕಟಿಸಿದರು. ಮರುವರ್ಷವೇ ರಾವೆ ಮತ್ತು ಸಂಗಡಿಗರು, ಇದು ಸಾವಯವ ಲವಣಗಳಿಂದ ಉಳಿದ ಇಂಗಾಲದ ಫಲವಿರಬಹುದೆಂದು ಆಕ್ಷೇಪಿಸಿದರು. 2004ರಲ್ಲಿ ನಜರ್ ಅವರ ತಂಡ, ಹೆಚ್ಚಿನ ಉಷ್ಣತೆಯಲ್ಲಿ ಇಂಗಾಲ ಫಾಸ್ಫೇಟನ್ನು ಅಪಕರ್ಷಿಸಿ ಕಣಗಳ ಎಲ್ಲೆಗಳಲ್ಲಿ ಲೋಹದಂತೆ ವಹಿಸುವ ಫಾಸ್ಫೈಡಿನ ಜಾಲವನ್ನು ಉಂಟುಮಾಡುತ್ತದೆಂದೂ ವಾಹಕತೆಗೆ ಆ ಜಾಲವೇ ಸಾಕೆಂದೂ ತೋರಿಸಿತು. ಕ್ಷ-ಕಿರಣ ನಕ್ಷೆಯಲ್ಲಿ ಕಾಣಿಸದಷ್ಟು ಅಲ್ಪವಾದ ಅನ್ಯಪದಾರ್ಥ ಇಡೀ ಪುಡಿಯ ನಡತೆಯನ್ನು ಬದಲಿಸಬಲ್ಲುದು. ನಕ್ಷೆ ಶುದ್ಧವಾಗಿದೆಯೆಂದ ಮಾತ್ರಕ್ಕೆ ಪುಡಿಯೂ ಶುದ್ಧವೆಂದು ಬರೆಯುವವರು ಈ ಪ್ರಸಂಗವನ್ನು ನೆನಪಿಡತಕ್ಕದ್ದು.

3. ತಯಾರಿಕೆಯ ಕ್ರಮಗಳು

ತಯಾರಿಕೆಯ ಕ್ರಮಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಗುಣವೂ ತನ್ನದೇ ಆದ ದೋಷವೂ ಉಂಟು. ಘನಪದಾರ್ಥಗಳನ್ನು ಅರೆದು ಕಾಯಿಸುವ ಹಳೆಯ ಕ್ರಮದಲ್ಲಿ ಹರಳುಗಳು ಸುವ್ಯವಸ್ಥಿತವಾಗಿರುತ್ತವೆ, ಆದರೆ ದೊಡ್ಡದಾಗುತ್ತವೆ. ಅವನ್ನು ಗುಂಡುಗಳ ಗಿರಣಿಯಲ್ಲಿ ಬೀಸಿದರೆ ಸಣ್ಣದಾಗುತ್ತವೆ, ಆದರೆ ಹರಳಿನ ಜಾಲ ಬಿಗುವಿಗೆ ಸಿಕ್ಕುತ್ತದೆ. ಗಿರಣಿಯ ಸವೆತವೂ ಪುಡಿಯಲ್ಲಿ ಸೇರುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಒತ್ತಡದ ಬಿಸಿನೀರಿನೊಳಗೆ ಬೆಳೆಸುವ ಜಲೋಷ್ಣ ಕ್ರಮದಲ್ಲಿ ಸಣ್ಣದಾದ, ಅಂದವಾದ ಹರಳುಗಳು ದೊರೆಯುತ್ತವೆ. 2001ರಲ್ಲಿ ಈ ಕ್ರಮದಿಂದ ಫಾಸ್ಫೇಟನ್ನು ಮಾಡಿದ ವಿಟಿಂಗ್‌ಹ್ಯಾಮ್ ಅವರ ತಂಡವೇ, ಕಡಮೆ ಉಷ್ಣತೆಯಲ್ಲಿ ಮಾಡಿದ ಹರಳಿನಲ್ಲಿ ಲಿಥಿಯಂ ಸ್ಥಾನಗಳ ಪೈಕಿ ಸುಮಾರು ಶೇಕಡ 7ರಷ್ಟನ್ನು ಕಬ್ಬಿಣ ಆಕ್ರಮಿಸಿರುವುದನ್ನು ಕಂಡಿತು. ಹಿಂದೆ ಹೇಳಿದ ಓಣಿಯ ತಡೆ ಇದೇ. ತನ್ನ ಕ್ರಮದ ದೋಷವನ್ನು ತಾನೇ ಹುಡುಕಿ, ಉಷ್ಣತೆಯನ್ನು ಏರಿಸಿ ಅದನ್ನು ಸರಿಪಡಿಸಿದ ಆ ತಂಡದ ನಡೆ ಅನುಕರಣೀಯ. ಹರಳು ಸಣ್ಣದಾಗಿದ್ದೂ ಒಳಗೆ ಅವ್ಯವಸ್ಥಿತವಾಗಿದ್ದರೆ ಫಲವಿಲ್ಲವೆಂಬುದು ಇದರಿಂದ ಸ್ಪಷ್ಟ.

ದಹನ ಕ್ರಮದ ವಿಷಯ ನಮಗೆ ಹತ್ತಿರದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಿಂಗ್ಸ್ಲಿ ಮತ್ತು ಪಾಟೀಲರು 1988ರಲ್ಲಿ ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾಗಳ ದ್ರಾವಣವನ್ನು 500 ಡಿಗ್ರಿಯ ಕುಲುಮೆಯಲ್ಲಿಟ್ಟು, ಅದು ತಾನಾಗಿ ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ಅಲ್ಯೂಮಿನದ ಸೂಕ್ಷ್ಮ ಪುಡಿಯಾಗುವುದನ್ನು ಪ್ರಕಟಿಸಿದರು. ನೈಟ್ರೇಟು ಉತ್ಕರ್ಷಕ, ಯೂರಿಯಾ ಇಂಧನ; ಹೊರಗಿನಿಂದ ಬೇಕಾದದ್ದು ಹೊತ್ತಿಸುವಷ್ಟು ಬಿಸಿ ಮಾತ್ರ. ಉಕ್ಕಿಬರುವ ಅನಿಲಗಳು ಪುಡಿಯನ್ನು ಅರಳಿಸಿ ಹಗುರ ಮಾಡುತ್ತವೆ. ಈ ಕ್ರಮ ಲಿಥಿಯಂ ಮ್ಯಾಂಗನೀಸ್ ಆಕ್ಸೈಡ್, ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಮುಂತಾದ ಕ್ಯಾಥೋಡ್ ದ್ರವ್ಯಗಳಿಗೂ ಒದಗಿ ಬಂದಿದೆ. ದುಬಾರಿ ಸಲಕರಣೆಯಿಲ್ಲದ ಪ್ರಯೋಗಶಾಲೆಗಳಿಗೆ ಇದೊಂದು ವರವೆಂದೇ ಹೇಳಬೇಕು. ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಗಾಳಿಯಲ್ಲಿ ನಡೆಯುವ ಉರಿ ಎರಡು ವೇಲೆನ್ಸಿಯ ಕಬ್ಬಿಣವನ್ನು ಮೂರಕ್ಕೆ ಏರಿಸುವುದರಿಂದ ಫಾಸ್ಫೇಟಿಗೆ ಈ ಕ್ರಮವನ್ನು ಬಳಸುವವರು ಮತ್ತೆ ಅಪಕರ್ಷಕ ಅನಿಲದಲ್ಲಿ ಕಾಯಿಸಬೇಕಾಗುತ್ತದೆ. ಆಗ ಹರಳು ಬೆಳೆಯುತ್ತದೆ. ಎರಡನೆಯದಾಗಿ, ಅರಳಿದ ಪುಡಿಯ ಹಗುರತನ ನೋಟಕ್ಕೆ ಚೆಂದವಾದರೂ ಕೋಶದೊಳಗೆ ಜಾಗವನ್ನು ತಿನ್ನುತ್ತದೆ. ಈ ಮಾತನ್ನು ಮುಂದೆ ವಿವರಿಸುತ್ತೇವೆ.

4. ಗಾತ್ರದ ಅಳತೆ

ಪುಡಿ ನ್ಯಾನೊಸ್ಫಟಿಕವೆಂದು ಸಾಧಿಸಲು ಹೆಚ್ಚಾಗಿ ಬಳಸುವುದು 1918ರಲ್ಲಿ ಶೆರರ್ ಕೊಟ್ಟ ಸೂತ್ರವನ್ನು. ಹರಳು ಸಣ್ಣದಾದಷ್ಟೂ ವಿವರ್ತನೆಯ ಶಿಖರ ಅಗಲವಾಗುತ್ತದೆ. ಅಗಲದಿಂದ ಗಾತ್ರವನ್ನು ಲೆಕ್ಕ ಹಾಕಬಹುದು. ತತ್ತ್ವ ಸರಿಯಾದದ್ದು. ಬಳಕೆ ಹೇಗಿದೆಯೆಂಬುದಕ್ಕೆ ಒಂದು ಲೆಕ್ಕ ನೋಡೋಣ. ತಾಮ್ರದ ಕ್ಷ-ಕಿರಣ (ತರಂಗದೂರ 1.5406 ಆಂಗ್‌ಸ್ಟ್ರಮ್) ಬಳಸಿದಾಗ 25.6 ಡಿಗ್ರಿಯ ಬಳಿಯ ಶಿಖರದ ಅಗಲ ಅರ್ಧ ಎತ್ತರದಲ್ಲಿ 0.20 ಡಿಗ್ರಿ ಇದೆಯೆನ್ನೋಣ. ಸೂತ್ರದ ಸ್ಥಿರಾಂಕವನ್ನು 0.9 ಎಂದು ಹಿಡಿದರೆ ಗಾತ್ರ 41 ನ್ಯಾನೊಮೀಟರು. ಆದರೆ ಯಂತ್ರವೂ ಶಿಖರವನ್ನು ತನ್ನ ಪಾಲಿಗೆ ಅಗಲಿಸುತ್ತದೆ. ಆ ಪಾಲು 0.08 ಡಿಗ್ರಿಯಾದರೆ, ಶಿಖರದ ಆಕಾರ ಗೌಸ್ ರೀತಿಯದೆಂದು ಭಾವಿಸಿ ಕಳೆದಾಗ ಗಾತ್ರ 44 ನ್ಯಾನೊಮೀಟರಾಗುತ್ತದೆ. ಲೊರೆಂಟ್ಸ್ ರೀತಿಯದೆಂದು ಭಾವಿಸಿದರೆ 68 ಆಗುತ್ತದೆ. ಪುಡಿ ಒಂದೇ, ನಕ್ಷೆ ಒಂದೇ. ಉತ್ತರಗಳು ಮಾತ್ರ ಮೂರು. ಹರಳಿನೊಳಗಿನ ಬಿಗುವಿನಿಂದ ಬರುವ ಅಗಲವನ್ನು ಇನ್ನೂ ಲೆಕ್ಕಕ್ಕೆ ತಂದಿಲ್ಲ. ಗಿರಣಿಯಲ್ಲಿ ಬೀಸಿದ ಪುಡಿಯಲ್ಲಿ ಈ ಬಿಗುವು ಗಣನೀಯವಾದದ್ದು. ಅದನ್ನು ಬೇರ್ಪಡಿಸುವ ವಿಲಿಯಮ್ಸನ್ ಮತ್ತು ಹಾಲ್ ಅವರ ಕ್ರಮ 1953ರಿಂದಲೂ ಎಲ್ಲರಿಗೂ ತಿಳಿದಿದೆ. ಹೀಗಿರುವಾಗ 41.3 ನ್ಯಾನೊಮೀಟರ್ ಎಂದು ದಶಾಂಶದವರೆಗೆ ಬರೆಯುವುದು ಅಳತೆಯಲ್ಲ, ಅಲಂಕಾರ.

ಇನ್ನೂ ಮುಖ್ಯವಾದ ಮಾತೊಂದಿದೆ. ಶೆರರ್ ಸೂತ್ರ ಹೇಳುವುದು ಹರಳಿನ ಗಾತ್ರವನ್ನು, ಕಣದ ಗಾತ್ರವನ್ನಲ್ಲ. ನೂರಾರು ಹರಳುಗಳು ಗಟ್ಟಿಯಾಗಿ ಬೆಸೆದು ಒಂದು ಕಣವಾಗಿದ್ದರೆ ವಿದ್ಯುದ್ವಿಭಾಜ್ಯ ದ್ರವ ಆ ಕಣದ ಹೊರಮೈಯನ್ನು ಮಾತ್ರ ಮುಟ್ಟುತ್ತದೆ; ಅಯಾನು ನಡೆಯಬೇಕಾದ ದಾರಿ ಇಡೀ ಕಣದ ದಾರಿ. ಇದನ್ನು ಪರೀಕ್ಷಿಸುವ ಉಪಾಯ ಸುಲಭವಾದದ್ದು. ಘನ ಸೆಂಟಿಮೀಟರಿಗೆ 3.6 ಗ್ರಾಂ ಸಾಂದ್ರತೆಯ ಫಾಸ್ಫೇಟಿನ 40 ನ್ಯಾನೊಮೀಟರಿನ ಬಿಡಿಬಿಡಿಯಾದ ಗೋಳಗಳಿಗೆ ಗ್ರಾಮಿಗೆ ಸುಮಾರು 42 ಚದರ ಮೀಟರ್ ಹೊರಮೈ ಇರತಕ್ಕದ್ದು. ಅನಿಲದ ಅಧಿಶೋಷಣೆಯಿಂದ ಅಳೆದಾಗ 8 ಚದರ ಮೀಟರ್ ಮಾತ್ರ ಬಂದರೆ, ದ್ರವಕ್ಕೆ ಸಿಕ್ಕುವ ಕಣದ ಗಾತ್ರ 200 ನ್ಯಾನೊಮೀಟರಿನಷ್ಟು ಎಂದು ತಿಳಿಯಬೇಕು. ಇಂಗಾಲದ ಹೊದಿಕೆಯಿದ್ದರೆ ಅದರ ಹೊರಮೈಯನ್ನೂ ಕಳೆಯಬೇಕಾಗುತ್ತದೆ. ಕ್ಷ-ಕಿರಣ, ಹೊರಮೈ, ಸೂಕ್ಷ್ಮದರ್ಶಕ ಈ ಮೂರರ ಸಾಕ್ಷ್ಯಗಳು ಒಂದಕ್ಕೊಂದು ಹೊಂದಿದಾಗ ಮಾತ್ರ ಗಾತ್ರದ ಮಾತನ್ನು ನಂಬಬಹುದು.

5. ಪರೀಕ್ಷೆಯ ಲೆಕ್ಕ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿದರೆ ಸಾಕು. ಒಂದು ಅಗುಳಿನ ನಡತೆ ಇಡೀ ಪಾತ್ರೆಯ ನಡತೆ. ಕ್ಯಾಥೋಡಿನ ವಿಷಯದಲ್ಲಿ ಈ ನ್ಯಾಯ ನಡೆಯುವುದಿಲ್ಲ. ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ದ್ರವ್ಯ, ಇಂಗಾಲ, ಅಂಟು ಇವುಗಳನ್ನು ಕಲಸಿ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾಗಿ ಬಳಿಯುತ್ತಾರೆ. ಚದರ ಸೆಂಟಿಮೀಟರಿಗೆ ಒಂದು ಮಿಲಿಗ್ರಾಂ ದ್ರವ್ಯವಿರುವ, ದ್ರವ್ಯ ಶೇಕಡ 80ರಷ್ಟಿರುವ ಲೇಪವನ್ನು ತೆಗೆದುಕೊಳ್ಳೋಣ. ಹದಿನೈದು ಮೈಕ್ರೊಮೀಟರ್ ದಪ್ಪದ ಹಾಳೆಯೇ ಚದರ ಸೆಂಟಿಮೀಟರಿಗೆ 4.05 ಮಿಲಿಗ್ರಾಂ ತೂಗುತ್ತದೆ. ದ್ರವ್ಯದ ಗ್ರಾಮಿಗೆ 160 ಮಿಲಿಯಾಂಪಿಯರ್-ಗಂಟೆ ದೊರೆತರೂ, ಹಾಳೆ ಲೇಪಗಳೆರಡನ್ನೂ ಸೇರಿಸಿದ ಒಟ್ಟು ತೂಕದ ಮೇಲೆ ಅದು ಗ್ರಾಮಿಗೆ 30 ಮಾತ್ರ. ಇದಕ್ಕೆ ಪ್ರತಿಯಾಗಿ, ಚದರ ಸೆಂಟಿಮೀಟರಿಗೆ 12 ಮಿಲಿಗ್ರಾಂ ದ್ರವ್ಯವಿರುವ, ದ್ರವ್ಯ ಶೇಕಡ 94ರಷ್ಟಿರುವ ಲೇಪ ಗ್ರಾಮಿಗೆ 140ನ್ನೇ ಕೊಟ್ಟರೂ ಒಟ್ಟು ತೂಕದ ಮೇಲೆ 100 ಆಗುತ್ತದೆ. ಪ್ರಬಂಧದಲ್ಲಿ ಮೊದಲನೆಯದು ಗೆಲ್ಲುತ್ತದೆ, ಕೋಶದಲ್ಲಿ ಎರಡನೆಯದು.

ತೆಳುಲೇಪದಲ್ಲಿ ತೂಕದ ದೋಷವೂ ದೊಡ್ಡದಾಗುತ್ತದೆ. ಹನ್ನೆರಡು ಮಿಲಿಮೀಟರ್ ವ್ಯಾಸದ ಬಿಲ್ಲೆಯಲ್ಲಿ ಹಾಳೆಯ ತೂಕ ಸುಮಾರು 4.6 ಮಿಲಿಗ್ರಾಂ, ಲೇಪದ ತೂಕ 1.4 ಮಿಲಿಗ್ರಾಂ. ಹಾಳೆಯ ದಪ್ಪದಲ್ಲಿ ಶೇಕಡ ಎರಡರ ಹೆಚ್ಚುಕಡಮೆಯಿದ್ದರೆ ದ್ರವ್ಯದ ತೂಕದಲ್ಲಿ ಶೇಕಡ ಆರಕ್ಕೆ ಮೀರಿದ ದೋಷ ಬರುತ್ತದೆ. ಆಗ 160 ಎಂದು ಬರೆದ ಅಂಕೆ ನಿಜವಾಗಿ 150 ಇರಬಹುದು, 171 ಇರಬಹುದು. ಎರಡನೆಯದು ತಾತ್ತ್ವಿಕ ಮಿತಿಯನ್ನೇ ಮೀರುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿಯೂ ಮಿತಿಮೀರಿದ ಅಂಕೆಯೊಂದು ಬಂದು, ಹೊಸ ಕಾರಣವನ್ನು ಊಹಿಸುವ ಉತ್ಸಾಹದಲ್ಲಿ ಕೆಲವು ವಾರಗಳು ಕಳೆದುವು. ಕಡೆಗೆ ಬರಿಯ ಹಾಳೆಯ ಹತ್ತು ಬಿಲ್ಲೆಗಳನ್ನು ಕತ್ತರಿಸಿ ತೂಗಿದಾಗ ಕಾರಣ ತಕ್ಕಡಿಯಲ್ಲೇ ಸಿಕ್ಕಿತು. ಎರಡು ಕ್ರಮಗಳ ಪುಡಿಗಳು 158 ಮತ್ತು 164 ಕೊಟ್ಟುವೆಂದು ಒಂದನ್ನು ಉತ್ತಮವೆನ್ನುವ ಮುನ್ನ ಇಂಥ ಹತ್ತು ಬಿಲ್ಲೆಗಳನ್ನು ತೂಗುವುದು ಮೇಲು.

ವೇಗದ ಪರೀಕ್ಷೆಗೆ ಬರೋಣ. ಒಂದು ಗಂಟೆಯಲ್ಲಿ ಕೋಶವನ್ನು ಬರಿದು ಮಾಡುವ ಪ್ರವಾಹವನ್ನು ಒಂದು ಸಿ ಎನ್ನುವುದು ವಾಡಿಕೆ. 2009ರಲ್ಲಿ ಕಾಂಗ್ ಮತ್ತು ಸೀಡರ್ ಅವರು ಲಿಥಿಯಂ ಕಬ್ಬಿಣ ಫಾಸ್ಫೇಟನ್ನು 400 ಸಿ ದರದವರೆಗೆ, ಅಂದರೆ ಒಂಬತ್ತು ಸೆಕೆಂಡಿನ ಲೆಕ್ಕದಲ್ಲಿ, ಬರಿದು ಮಾಡಿದ ಫಲವನ್ನು ಪ್ರಕಟಿಸಿದರು. ಅದು ಲೋಕಪ್ರಸಿದ್ಧವಾಯಿತು. ಆದರೆ ಅತ್ಯಧಿಕ ವೇಗದ ಆ ಪರೀಕ್ಷೆಗೆ ಬಳಸಿದ ಲೇಪದಲ್ಲಿ ಇಂಗಾಲವೇ ಶೇಕಡ 65, ದ್ರವ್ಯ ಶೇಕಡ 30. ಲೇಖಕರು ಈ ಪ್ರಮಾಣವನ್ನು ಮುಚ್ಚಿಡಲಿಲ್ಲ. ತಮ್ಮ ಪ್ರಬಂಧದಲ್ಲಿಯೇ ಹೇಳಿದ್ದಾರೆ. ಅದನ್ನು ಉದ್ಧರಿಸಿದವರು ವೇಗವನ್ನು ನೆನಪಿಟ್ಟು ಪ್ರಮಾಣವನ್ನು ಮರೆತರು. ಅದೇ ವರ್ಷ ಜಗೀಬ್, ಗುಡಿನಫ್, ಮಾಗೆರ್ ಮತ್ತು ಜೂಲಿಯನ್ ಅವರು ಆ ಪ್ರಬಂಧದ ಪ್ರತಿಜ್ಞೆಗಳಿಗೆ ಆಧಾರ ಸಾಲದೆಂದು ಬರೆದರು. ಸೀಡರ್ ಮತ್ತು ಕಾಂಗ್ ಅದಕ್ಕೆ ಉತ್ತರ ಕೊಟ್ಟರು. ನಮ್ಮ ದೃಷ್ಟಿಯಲ್ಲಿ ಆ ಪ್ರಯೋಗದ ಬೆಲೆ ಕಡಮೆಯದಲ್ಲ. ಹರಳಿನ ಒಳಗಿನ ಚಲನೆ ಎಷ್ಟು ಚುರುಕಾಗಿರಬಹುದೆಂದು ಅದು ತೋರಿಸಿತು. ಆದರೆ ಶೇಕಡ 70ರಷ್ಟು ತೂಕ ಅನ್ಯಪದಾರ್ಥವಾಗಿರುವ ಲೇಪದ ವೇಗವನ್ನು ನಾಳೆಯ ಕೋಶದ ವೇಗವೆಂದು ಓದಬಾರದು. ದಪ್ಪಲೇಪದಲ್ಲಿ ವೇಗವನ್ನು ತಡೆಯುವುದು ಹರಳಿನ ಒಳದಾರಿಯಲ್ಲ; ಲೇಪದ ರಂಧ್ರಗಳಲ್ಲಿ ತುಂಬಿದ ದ್ರವದೊಳಗಿನ ಅಯಾನುಗಳ ದಾರಿ. ಹರಳನ್ನು ಎಷ್ಟು ಸಣ್ಣದು ಮಾಡಿದರೂ ಆ ದಾರಿ ಮೋಟಾಗುವುದಿಲ್ಲ.

ಜಾಗದ ಲೆಕ್ಕವೂ ಹೀಗೆಯೇ. ಫಾಸ್ಫೇಟಿನ ಸ್ವಂತ ಸಾಂದ್ರತೆಯ ಮೇಲೆ ಲೀಟರಿಗೆ ಸುಮಾರು 2,080 ವಾಟ್-ಗಂಟೆ ದೊರೆಯಬೇಕು. ಅರಳಿದ ನ್ಯಾನೊ ಪುಡಿಯ ಲೇಪವನ್ನು ಒತ್ತಿದ ಮೇಲೂ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 2.0 ಗ್ರಾಮಿಗೆ ನಿಂತು, ಅದರಲ್ಲಿ ದ್ರವ್ಯ ಶೇಕಡ 90 ಇದ್ದು, ಗ್ರಾಮಿಗೆ 160 ದೊರೆತರೆ, ಲೀಟರಿಗೆ ಬರುವುದು 980 ವಾಟ್-ಗಂಟೆ, ಅರ್ಧಕ್ಕಿಂತ ಕಡಮೆ. ದಹನ ಕ್ರಮದ ಹಗುರ ಪುಡಿಯ ಬಗ್ಗೆ ನಾವು ಹಿಂದೆ ಎಚ್ಚರಿಸಿದ್ದು ಇದಕ್ಕಾಗಿ.

ಕಡೆಯದು ಬಾಳಿಕೆಯ ಪರೀಕ್ಷೆ. ವಾಡಿಕೆಯ ಪರೀಕ್ಷಾಕೋಶದ ಇನ್ನೊಂದು ಧ್ರುವದಲ್ಲಿ ಲಿಥಿಯಂ ಲೋಹದ ಬಿಲ್ಲೆಯಿರುತ್ತದೆ. ಅದು 0.45 ಮಿಲಿಮೀಟರ್ ದಪ್ಪವಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 93 ಮಿಲಿಯಾಂಪಿಯರ್-ಗಂಟೆಯ ಲಿಥಿಯಂ ಅದರಲ್ಲಿದೆ. ಮೇಲೆ ಹೇಳಿದ ತೆಳುಲೇಪಕ್ಕೆ ಬೇಕಾದದ್ದು 0.16. ಅಗತ್ಯದ 580 ಪಟ್ಟು ದಾಸ್ತಾನಿರುವ ಕೋಶದಲ್ಲಿ ಪ್ರತಿ ಆವರ್ತನದಲ್ಲೂ ಸ್ವಲ್ಪ ಲಿಥಿಯಂ ವ್ಯರ್ಥವಾದರೂ ಕೊರತೆ ಕಾಣುವುದಿಲ್ಲ. ಗ್ರಾಫೈಟನ್ನು ಎದುರಿಗಿಟ್ಟ ನಿಜವಾದ ಕೋಶದಲ್ಲಿ ಇಂಥ ಉಗ್ರಾಣವಿಲ್ಲ. ಅಲ್ಲಿರುವ ಲಿಥಿಯಮ್ಮೆಲ್ಲ ಕ್ಯಾಥೋಡಿನಿಂದಲೇ ಬಂದದ್ದು. ಆವರ್ತನಕ್ಕೆ ಶೇಕಡ 0.5ರಷ್ಟು ನಷ್ಟವಾದರೆ ನೂರು ಆವರ್ತನಗಳಲ್ಲಿ ಉಳಿಯುವುದು ಶೇಕಡ 61 ಮಾತ್ರ. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾನಿಲಯದಲ್ಲಿ ಡಾನ್ ಅವರ ತಂಡ ಆವರ್ತನದ ನಷ್ಟವನ್ನು ಅತಿನಿಖರವಾಗಿ ಅಳೆಯುವ ಯಂತ್ರಗಳನ್ನು ಕಟ್ಟಿದ್ದು ಈ ಕಾರಣದಿಂದಲೇ. ಹೊರಮೈ ಹೆಚ್ಚಾದಷ್ಟೂ ದ್ರವದೊಡನೆ ಅಡ್ಡಪ್ರತಿಕ್ರಿಯೆಗಳು ಹೆಚ್ಚುವುದರಿಂದ ನ್ಯಾನೊ ದ್ರವ್ಯಗಳಿಗೆ ಈ ಅಳತೆ ಇತರ ದ್ರವ್ಯಗಳಿಗಿಂತ ಹೆಚ್ಚು ಅವಶ್ಯ.

6. ಸಣ್ಣತನ ಒಗ್ಗದ ದ್ರವ್ಯಗಳು

ಒಂದು ದ್ರವ್ಯಕ್ಕೆ ಹಿತವಾದದ್ದು ಎಲ್ಲಕ್ಕೂ ಹಿತವಾಗಬೇಕಿಲ್ಲ. ಲಿಥಿಯಂ ಕೋಬಾಲ್ಟ್ ಆಕ್ಸೈಡಿನ ಹರಳುಗಳನ್ನು ಕ್ರಮಕ್ರಮವಾಗಿ ಸಣ್ಣದು ಮಾಡಿದ ಒಕುಬೊ ಮತ್ತು ಸಂಗಡಿಗರು, 15 ನ್ಯಾನೊಮೀಟರಿಗಿಂತ ಕೆಳಗಿಳಿದಾಗ ಧಾರಣಶಕ್ತಿ ಕುಗ್ಗಿ, ವಿಭವದ ಸಮತಟ್ಟು ಅಳಿದುಹೋಗುವುದನ್ನು 2007ರಲ್ಲಿ ವರದಿ ಮಾಡಿದರು. ಹೊರಮೈಯ ಪದರಗಳು ಒಳಗಿನವುಗಳಂತೆ ವರ್ತಿಸುವುದಿಲ್ಲ. ಹರಳು ಬಹಳ ಸಣ್ಣದಾದಾಗ ಹೊರಮೈಯೇ ಹೆಚ್ಚಿನ ಪಾಲಾಗುತ್ತದೆ. ಲಿಥಿಯಂ ಮ್ಯಾಂಗನೀಸ್ ಆಕ್ಸೈಡಿನಲ್ಲಿ ಮೂರು ವೇಲೆನ್ಸಿಯ ಮ್ಯಾಂಗನೀಸು ಹೊರಮೈಯಲ್ಲಿ ಎರಡು ಮತ್ತು ನಾಲ್ಕಾಗಿ ಒಡೆದು, ಎರಡರದು ದ್ರವಕ್ಕೆ ಕರಗಿ ಹೋಗುತ್ತದೆ. ಹೊರಮೈ ಹೆಚ್ಚಿಸುವುದೆಂದರೆ ಈ ಸೋರಿಕೆಗೆ ಬಾಗಿಲುಗಳನ್ನು ಹೆಚ್ಚಿಸಿದಂತೆ. ನಿಕಲ್ ಹೆಚ್ಚಾಗಿರುವ ಪದರ ಆಕ್ಸೈಡುಗಳ ಹೊರಮೈ ಗಾಳಿಯಲ್ಲಿನ ತೇವ ಮತ್ತು ಇಂಗಾಲಾಮ್ಲದೊಡನೆ ಕೂಡಿ ಲಿಥಿಯಂ ಕಾರ್ಬೊನೇಟನ್ನು ಕಟ್ಟಿಕೊಳ್ಳುತ್ತದೆ. ಉದ್ಯಮದಲ್ಲಿ ಈ ಆಕ್ಸೈಡುಗಳನ್ನು ಸಹಾವಕ್ಷೇಪನದಿಂದ ಹತ್ತು ಮೈಕ್ರೊಮೀಟರಿನ ಸುಮಾರಿಗೆ ಗುಂಡಾದ ಗಂಟುಗಳಾಗಿ ಮಾಡುವುದು ರೂಢಿ. ಈಚೆಗೆ ಆ ಗಂಟುಗಳೂ ಬಿರುಕು ಬಿಡುವುದರಿಂದ, ಹಲವು ಮೈಕ್ರೊಮೀಟರಿನ ಒಂಟಿ ಹರಳುಗಳ ಕಡೆಗೆ ಗಮನ ತಿರುಗಿದೆ. ನ್ಯಾನೊ ದಿಕ್ಕಿಗೆ ಇದು ನೇರವಾಗಿ ವಿರುದ್ಧವಾದ ದಿಕ್ಕು. ಸಣ್ಣತನವನ್ನು ಗುರಿಯಾಗಿ ಹಿಡಿಯದೆ ಉಪಾಯವಾಗಿ ಮಾತ್ರ ಹಿಡಿಯಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

7. ನಮ್ಮ ಸೂಚನೆಗಳು

ನಮ್ಮ ಮಾತಿಗೆ ಒಂದು ನ್ಯಾಯವಾದ ಆಕ್ಷೇಪಣೆಯುಂಟು. ವಿಶ್ವವಿದ್ಯಾನಿಲಯದ ವಿಭಾಗ ಕಾರ್ಖಾನೆಯಲ್ಲ. ಹರಳಿನ ಸ್ವಂತ ಗುಣವನ್ನು ತಿಳಿಯಲು ತೆಳುಲೇಪವೇ ತಕ್ಕ ಸಾಧನ. ದಪ್ಪಲೇಪದಲ್ಲಿ ಬೇರೆ ತಡೆಗಳು ಬೆರೆತು ಹರಳಿನ ಗುಣ ಮರೆಯಾಗುತ್ತದೆ. ಈ ಆಕ್ಷೇಪಣೆಯನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ನಾವು ಆಕ್ಷೇಪಿಸುವುದು ತೆಳುಲೇಪವನ್ನಲ್ಲ. ತೆಳುಲೇಪದ ಫಲವನ್ನು ಪ್ರಬಂಧದ ಕೊನೆಯ ವಾಕ್ಯದಲ್ಲಿ ವಾಹನಗಳಿಗೆ ಯೋಗ್ಯವಾದ ಕೋಶವೆಂದು ಬಣ್ಣಿಸುವುದನ್ನು. ಹರಳಿನ ಅಧ್ಯಯನ ಹರಳಿನ ಅಧ್ಯಯನವೆಂದೇ ಹೇಳಿಕೊಂಡರೆ ಅದರ ಗೌರವಕ್ಕೆ ಕುಂದಿಲ್ಲ. ಇನ್ನೊಂದು ಆಕ್ಷೇಪಣೆ ಸಲಕರಣೆಗಳ ಕೊರತೆಯದು. ಅದಕ್ಕೆ ನಮ್ಮ ಉತ್ತರ ಇಷ್ಟೆ: ಮೇಲೆ ಹಾಕಿದ ಲೆಕ್ಕಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಒಂದು ತಕ್ಕಡಿ, ಒಂದು ಅಳತೆಗೋಲು, ಒಂದಿಷ್ಟು ತಾಳ್ಮೆ.

ಆದುದರಿಂದ ಈ ವಿಭಾಗದಿಂದ ಹೊರಡುವ ಪ್ರಬಂಧಗಳಲ್ಲಿ ಕೆಲವು ವಿವರಗಳನ್ನು ತಪ್ಪದೆ ಕೊಡಬೇಕೆಂದು ನಾವು ಸೂಚಿಸುತ್ತೇವೆ. ಗಾತ್ರವನ್ನು ಹೇಳುವಾಗ ಯಂತ್ರದ ಪಾಲನ್ನು ಹೇಗೆ ಕಳೆಯಿತೆಂದು ಹೇಳಿ, ಹೊರಮೈಯ ಅಳತೆಯೊಡನೆ ಹೋಲಿಸಿ ತೋರಿಸತಕ್ಕದ್ದು. ಪುಡಿಯಲ್ಲಿ ಉಳಿದಿರುವ ಇಂಗಾಲದ ಪ್ರಮಾಣವನ್ನು ಅಳೆದು ಬರೆಯತಕ್ಕದ್ದು. ಹೋಲಿಕೆಗಾಗಿ, ಅಷ್ಟೇ ಇಂಗಾಲವುಳ್ಳ ದೊಡ್ಡ ಹರಳಿನ ಪುಡಿಯೊಂದನ್ನು ಅದೇ ಪರೀಕ್ಷೆಗೆ ಒಡ್ಡತಕ್ಕದ್ದು. ಲೇಪದಲ್ಲಿ ಚದರ ಸೆಂಟಿಮೀಟರಿಗೆ ಎಷ್ಟು ದ್ರವ್ಯವಿದೆ, ಅದರ ದಪ್ಪವೆಷ್ಟು, ದ್ರವ್ಯ ಶೇಕಡ ಎಷ್ಟು ಎಂಬುದನ್ನು ಧಾರಣಶಕ್ತಿಯ ಅಂಕೆಯ ಪಕ್ಕದಲ್ಲಿಯೇ ಬರೆಯತಕ್ಕದ್ದು. ಕಡಮೆಯೆಂದರೆ ಮೂರು ಕೋಶಗಳ ಫಲವನ್ನು, ಅವುಗಳ ವ್ಯತ್ಯಾಸದೊಡನೆ ಕೊಡತಕ್ಕದ್ದು. ಮೂರರಲ್ಲಿ ಚೆನ್ನಾದದ್ದನ್ನು ಆರಿಸಿ ಕೊಡಕೂಡದು. ಬಾಳಿಕೆಯ ಮಾತನ್ನಾಡುವವರು ಗ್ರಾಫೈಟನ್ನು ಎದುರಿಗಿಟ್ಟ ಒಂದು ಕೋಶವನ್ನಾದರೂ ನಡೆಸತಕ್ಕದ್ದು.

ಈ ನಿಯಮಗಳನ್ನು ಪಾಲಿಸಿದರೆ ನಮ್ಮ ಅಂಕೆಗಳು ಈಗಿನಷ್ಟು ದೊಡ್ಡವಾಗಿರಲಾರವು. ಕೆಲವು ಪ್ರಬಂಧಗಳ ಪ್ರಕಟಣೆ ತಡವಾಗಬಹುದು. ಕೆಲವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಲೂಬಹುದು. ಇದು ವಿದ್ಯಾರ್ಥಿಗಳಿಗೆ ಕಷ್ಟವೆಂಬುದನ್ನು ನಾವು ಬಲ್ಲೆವು. ಆದರೆ 1997ರಲ್ಲಿ 0.6 ಪಾಲು ಲಿಥಿಯಂ ಮಾತ್ರ ಹೊರಬಂದಿತೆಂದು ಮೂವರು ಸಂಶೋಧಕರು ಇದ್ದುದನ್ನು ಇದ್ದಂತೆ ಬರೆದುದರಿಂದಲೇ, ಉಳಿದ ಪಾಲು ಏಕೆ ಬರಲಿಲ್ಲವೆಂದು ಇತರರು ಕೇಳಲು ಸಾಧ್ಯವಾಯಿತು. ಆ ಫಾಸ್ಫೇಟು ಇಂದು ಬಸ್ಸುಗಳಲ್ಲಿಯೂ ಕಾರುಗಳಲ್ಲಿಯೂ ಓಡುತ್ತಿರುವುದು ಆ ಪ್ರಶ್ನೆಯ ಫಲ. ಇಂಥ ಪ್ರಶ್ನೆಗೆ ಎಡೆಮಾಡಿಕೊಡುವ ಅಂಕೆಗಳನ್ನು ನಮ್ಮ ವಿಭಾಗ ಪ್ರಕಟಿಸುವಂತಾಗಲೆಂದು ಹಾರೈಸಿ ಈ ವಿಮರ್ಶೆಯನ್ನು ಮುಗಿಸುತ್ತೇವೆ.